ಹುರಿಗೊಳ್ಳುವ ಹೊತ್ತು

ಸಲಮಾಂಡರ್ ನೋಡಲು ಹಲ್ಲಿಯಂತಿದ್ದರೂ ಕಪ್ಪೆಯ ಬಳಗಕ್ಕೆ ಸೇರಿದ ಪ್ರಾಣಿ. ಯೂರೋಪಿನ ಕಾಡುಗಳ ತಣ್ಣನೆಯ ತೊರೆಗಳಲ್ಲಿ ಅದರ ಮರಿಗಳು ಬೆಳೆಯುತ್ತವೆ. ಮರಿಯ ಬಾಲದ ಅಂಚಿಗೆ ಬೆಳಕು ಹಾಯುವಷ್ಟು ತೆಳುವಾದ ಈಜುಪೊರೆ, ಕತ್ತಿನ ಇಕ್ಕೆಲಕ್ಕೆ ಗರಿಯಂಥ ಕಿವಿರು. ಅಲ್ಲಿನ ಜೀವಕೋಶಗಳು ಮನುಷ್ಯನವಕ್ಕಿಂತ ಎಷ್ಟೋ ದೊಡ್ಡವು. ಅವುಗಳೊಳಗಿನ ಕೋಶಕೇಂದ್ರಗಳೂ ಹಾಗೆಯೇ. 1870ರ ದಶಕದ ಕೊನೆಯಲ್ಲಿ, ಉತ್ತರ ಜರ್ಮನಿಯ ಕಡಲತೀರದ ಕೀಲ್ ಪಟ್ಟಣದಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕ ವಾಲ್ಟರ್ ಫ್ಲೆಮ್ಮಿಂಗ್ ಈ ಮರಿಗಳನ್ನು ಮುಂದಿಟ್ಟುಕೊಂಡು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂತಿದ್ದರು.

ಅವರು ಕಂಡದ್ದು ಇಷ್ಟು. ಸುಮ್ಮನಿದ್ದ ಕೋಶಕೇಂದ್ರದೊಳಗೆ ಮೊದಲು ಜಾಳುಜಾಳಾದ ಬಲೆಯಂಥದ್ದೇನೋ ಇತ್ತು. ಅದು ನಿಧಾನವಾಗಿ ನವಿರು ಎಳೆಗಳಾಯಿತು. ಎಳೆಗಳು ಹುರಿಗೊಂಡವು, ಗಿಡ್ಡವಾಗುತ್ತ, ದಪ್ಪವಾಗುತ್ತ, ಒಂದೊಂದೇ ಎದ್ದು ಕಾಣತೊಡಗಿದವು. ಮಗು ಆಟಕ್ಕೆಳೆದು ಸಿಕ್ಕು ಮಾಡಿಟ್ಟ ನೂಲಿನ ಉಂಡೆಯ ಹಾಗೆ. ನೋಡನೋಡುತ್ತಿದ್ದಂತೆ ಕೋಶಕೇಂದ್ರದ ಸುತ್ತಲಿನ ಗೆರೆ ಅಳಿಸಿಹೋಯಿತು. ಆಮೇಲಿನದೆಲ್ಲ ಅಚ್ಚುಕಟ್ಟು: ಎಳೆಗಳು ನಡುವೆ ಬಂದು ಸಾಲಾದವು, ಎರಡು ಪಾಲಾಗಿ ಎರಡು ಕಡೆಗೆ ಸರಿದವು, ಒಂದು ಕೋಶ ಎರಡಾಯಿತು.

ಉಂಡೆಯಂತೆ ಕಾಣುವ ಆ ಮೊದಲ ಹಂತಕ್ಕೆ 1884ರಲ್ಲಿ ಸಸ್ಯವಿಜ್ಞಾನಿ ಎಡ್ವರ್ಡ್ ಸ್ಟ್ರಾಸ್‌ಬರ್ಗರ್ ಪ್ರೊಫೇಸ್ ಎಂದು ಹೆಸರಿಟ್ಟರು. ನಮ್ಮ ಪಠ್ಯಪುಸ್ತಕಗಳಲ್ಲಿ ಅದು ಪೂರ್ವಾವಸ್ಥೆ. ಹೆಸರೇ ಅದನ್ನು ಹಿಂದಕ್ಕೆ ತಳ್ಳಿಬಿಟ್ಟಿತು. ಯಕ್ಷಗಾನಕ್ಕೆ ತಡವಾಗಿ ಹೊರಡುವವರು ಪೂರ್ವರಂಗ ಮುಗಿಯಲಿ, ಪ್ರಸಂಗದ ಹೊತ್ತಿಗೆ ಹೋದರಾಯಿತು ಎನ್ನುತ್ತಾರಲ್ಲ, ಹಾಗೆ ನಾವೂ ಪ್ರೊಫೇಸನ್ನು ನಾಲ್ಕು ಸಾಲಿನಲ್ಲಿ ಮುಗಿಸಿ ಮುಂದಿನ ಚಿತ್ರಕ್ಕೆ ಹೋಗುತ್ತೇವೆ. ಆದರೆ ಕೋಶವಿಜ್ಞಾನದ ಚರಿತ್ರೆಯನ್ನು ತಿರುವಿದರೆ ದೊಡ್ಡ ತಪ್ಪುಗಳೂ ದೊಡ್ಡ ಕಾಣ್ಕೆಗಳೂ ಹುಟ್ಟಿದ್ದು ಹೆಚ್ಚಾಗಿ ಈ ಪೂರ್ವರಂಗದಲ್ಲೇ.

ಕಾಣೆಯಾಗುವ ಕೇಂದ್ರ

ಹೊಸ ಜೀವಕೋಶ ಎಲ್ಲಿಂದ ಬರುತ್ತದೆ? ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ಪ್ರಶ್ನೆಗೆ ಖಚಿತ ಉತ್ತರವಿರಲಿಲ್ಲ. 1831ರಲ್ಲಿ ರಾಬರ್ಟ್ ಬ್ರೌನ್ ಆರ್ಕಿಡ್ ಗಿಡಗಳ ಕೋಶಗಳಲ್ಲಿ ಒಂದೊಂದು ದುಂಡನೆಯ ಕಾಯವನ್ನು ಗುರುತಿಸಿ ಅದನ್ನು ಕೋಶಕೇಂದ್ರವೆಂದು ಕರೆದಿದ್ದರು. 1838ರಲ್ಲಿ ಮಥಿಯಾಸ್ ಶ್ಲೈಡೆನ್ ಅದನ್ನೇ ಬುಡವಾಗಿಟ್ಟುಕೊಂಡು ಒಂದು ಸಿದ್ಧಾಂತ ಕಟ್ಟಿದರು: ಪಾಕದಲ್ಲಿ ಹರಳು ಕಟ್ಟುವ ಹಾಗೆ ದ್ರವದಲ್ಲಿ ಮೊದಲು ಕೋಶಕೇಂದ್ರ ಮೂಡುತ್ತದೆ, ಅದರ ಸುತ್ತ ಕೋಶ ಬೆಳೆಯುತ್ತದೆ. ಕೋಳಿಯ ಭ್ರೂಣದ ರಕ್ತಕಣಗಳು ಇಬ್ಭಾಗವಾಗುವುದನ್ನು ನೋಡಿದ್ದ ಬರ್ಲಿನ್ನಿನ ರಾಬರ್ಟ್ ರೆಮಾಕ್ ಇದನ್ನು ಒಪ್ಪಲಿಲ್ಲ. ಕೋಶ ಹುಟ್ಟುವುದು ಕೋಶದಿಂದಲೇ ಎಂದು ಅವರು ವಾದಿಸಿದರು. 1855ರಲ್ಲಿ ರುಡಾಲ್ಫ್ ವಿರ್ಶೋ ಅದೇ ಮಾತನ್ನು ಲ್ಯಾಟಿನ್ ಸೂತ್ರವಾಗಿ ಹೇಳಿದ ಮೇಲೆ ಜಗತ್ತು ಒಪ್ಪಿತು. ಕೀರ್ತಿ ವಿರ್ಶೋ ಪಾಲಾಯಿತು.

ಕೋಶದಿಂದ ಕೋಶ, ಸರಿ. ಕೋಶಕೇಂದ್ರದ ಗತಿ? ನೋಡಿದವರಿಗೆಲ್ಲ ಒಂದೇ ಸೋಜಿಗ. ವಿಭಜನೆಗೆ ಮುಂಚೆ ಕೇಂದ್ರವಿರುತ್ತದೆ, ವಿಭಜನೆ ಮುಗಿದ ಮೇಲೆ ಎರಡು ಇರುತ್ತವೆ, ನಡುವೆ ಅದು ಕಾಣುವುದೇ ಇಲ್ಲ. 1874ರಲ್ಲಿ ಲಿಯೊಪೋಲ್ಡ್ ಔವರ್‌ಬಾಕ್ ಅದು ಕರಗಿಯೇ ಹೋಗುತ್ತದೆಂದು ತೀರ್ಮಾನಿಸಿದರು. ಆಗಿನ ಮಸೂರಗಳಲ್ಲಿ ಇಣುಕಿದವರಿಗೆ ಬೇರೇನು ತೋರಲು ಸಾಧ್ಯ? ನಿಜಕ್ಕೂ ಕರಗಿದ್ದು ಕೇಂದ್ರದ ಪೊರೆ ಮಾತ್ರ. ಒಳಗಿದ್ದದ್ದು ಅಲ್ಲೇ ಇತ್ತು, ಕಾಣುತ್ತಿರಲಿಲ್ಲ ಅಷ್ಟೆ. ಕೇಂದ್ರ ಪೂರ್ತಿ ಕರಗಿ ಮತ್ತೆ ಹೊಸದಾಗಿ ಮೂಡುವುದಾದರೆ ತಾಯಿಕೋಶದಿಂದ ಮಗಳಕೋಶಕ್ಕೆ ದಾಟುವ ಗಟ್ಟಿ ವಸ್ತು ಯಾವುದೂ ಇಲ್ಲವೆಂದಾಯಿತು. ಪ್ರೊಫೇಸನ್ನು ತಪ್ಪಾಗಿ ಓದಿದ್ದರ ಬೆಲೆ ಅದು.

ಬಟ್ಟೆಯ ಬಣ್ಣ, ಯೇನಾದ ಮಸೂರ

ಕಾಣದ್ದನ್ನು ಕಾಣಿಸಿದ್ದು ಬಣ್ಣ. 1856ರಲ್ಲಿ ಲಂಡನ್ನಿನ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ಹುಡುಗ ಮಲೇರಿಯಾದ ಮದ್ದಾದ ಕ್ವಿನೈನನ್ನು ಮನೆಯ ಪ್ರಯೋಗಶಾಲೆಯಲ್ಲಿ ತಯಾರಿಸಲು ಹೊರಟ. ಭಾರತದಂಥ ವಸಾಹತುಗಳಲ್ಲಿ ಬ್ರಿಟಿಷರಿಗೆ ಆ ಮದ್ದು ಎಷ್ಟು ಬಂದರೂ ಸಾಲುತ್ತಿರಲಿಲ್ಲ. ಕ್ವಿನೈನ್ ಸಿಗಲಿಲ್ಲ, ರೇಷ್ಮೆಯನ್ನು ಹಿಡಿಯುವ ಚೆಂದದ ನೇರಳೆ ಬಣ್ಣ ಸಿಕ್ಕಿತು. ಅಲ್ಲಿಂದ ಕಲ್ಲಿದ್ದಲ ಟಾರಿನಿಂದ ಬಣ್ಣ ತೆಗೆಯುವ ಉದ್ಯಮವೇ ಎದ್ದಿತು, ಬಹುಬೇಗ ಜರ್ಮನಿ ಅದರ ಮುಂಚೂಣಿಗೆ ಬಂತು. ಬಟ್ಟೆಯ ನೂಲಿಗೆಂದು ಮಾಡಿದ ಈ ಬಣ್ಣಗಳನ್ನು ಪ್ರಯೋಗಶಾಲೆಯವರು ಜೀವಕೋಶದ ಮೇಲೆ ಸುರಿದು ನೋಡಿದರು. ಕೋಶದ ಉಳಿದ ಭಾಗ ಪೇಲವವಾಗಿಯೇ ಉಳಿಯಿತು. ಕೇಂದ್ರದೊಳಗಿನ ಒಂದು ವಸ್ತು ಮಾತ್ರ ಬಣ್ಣವನ್ನು ಗಬಗಬನೆ ಹೀರಿತು. ಫ್ಲೆಮ್ಮಿಂಗ್ ಆ ವಸ್ತುವಿಗೆ ಕ್ರೋಮ್ಯಾಟಿನ್ ಎಂದರು. ಗ್ರೀಕಿನಲ್ಲಿ ಕ್ರೋಮ ಎಂದರೆ ಬಣ್ಣ.

ಇನ್ನೊಂದು ನೆರವು ಯೇನಾ ಪಟ್ಟಣದಿಂದ ಬಂತು. ಅಲ್ಲಿ ಕಾರ್ಲ್ ಝೈಸ್ ಅವರ ಕಾರ್ಖಾನೆಗೆ ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆ ಲೆಕ್ಕ ಹಾಕಿ ಮಸೂರ ರೂಪಿಸಿಕೊಡುತ್ತಿದ್ದರು. ಅಲ್ಲಿಯವರೆಗೆ ಕುಶಲಕರ್ಮಿಗಳು ತಿಕ್ಕಿ ನೋಡಿ, ಮತ್ತೆ ತಿಕ್ಕಿ, ಅಂದಾಜಿನ ಮೇಲೆ ಮಾಡುತ್ತಿದ್ದ ಕೆಲಸವದು. 1878ರಲ್ಲಿ ಅವರ ಎಣ್ಣೆ ಮಸೂರ ಹೊರಬಂತು: ಗಾಜಿನ ಪಟ್ಟಿಗೂ ಮಸೂರಕ್ಕೂ ನಡುವೆ ಒಂದು ಹನಿ ಎಣ್ಣೆ ಬಿಟ್ಟರೆ ಬೆಳಕು ಚದುರದೆ ಒಳಬರುತ್ತದೆ, ಎಳೆಯ ಅಂಚು ಚೂಪಾಗಿ ಕಾಣುತ್ತದೆ. ಬಣ್ಣ, ಮಸೂರ, ದೊಡ್ಡ ಕೋಶಗಳ ಪ್ರಾಣಿ ಈ ಮೂರೂ ಕೂಡಿಬಂದ ಹೊತ್ತಿನಲ್ಲಿ ಫ್ಲೆಮ್ಮಿಂಗ್ ಕೀಲ್‌ನಲ್ಲಿದ್ದರು.

ಕೋಶವಿಭಜನೆಯ ಚಿತ್ರ ಬರೆದವರಲ್ಲಿ ಅವರೇ ಮೊದಲಿಗರಲ್ಲ. 1873ರಲ್ಲಿ ಆಂಟನ್ ಶ್ನೈಡರ್ ಚಪ್ಪಟೆ ಹುಳುವೊಂದರಲ್ಲಿ, 1875ರಲ್ಲಿ ಸ್ಟ್ರಾಸ್‌ಬರ್ಗರ್ ಗಿಡಗಳಲ್ಲಿ ಎಳೆಗಳನ್ನು ಕಂಡಿದ್ದರು. ಆದರೆ ಬಣ್ಣ ಹಾಕಬೇಕಾದರೆ ಕೋಶವನ್ನು ಕೊಲ್ಲಬೇಕು. ಸತ್ತ ಕೋಶ ಒಂದು ನಿಂತ ಚಿತ್ರ. ನೂರು ನಿಂತ ಚಿತ್ರಗಳನ್ನು ಚೆಲ್ಲಿಕೊಂಡರೆ ಮೊದಲಿನದು ಯಾವುದು, ಕೊನೆಯದು ಯಾವುದು? ಫ್ಲೆಮ್ಮಿಂಗ್ ಹೆಚ್ಚುಗಾರಿಕೆ ಇಲ್ಲಿದೆ. ಅವರು ಬದುಕಿದ ಮರಿಯ ಪಾರದರ್ಶಕ ಪೊರೆಯಲ್ಲಿ ಒಂದೇ ಕೋಶವನ್ನು ತಾಳ್ಮೆಯಿಂದ ಕಾದು ನೋಡಿ, ಬಣ್ಣ ಹಾಕಿದ ಚಿತ್ರಗಳನ್ನು ಅದಕ್ಕೆ ತಾಳೆ ಹಾಕಿದರು. ಮಗಳಕೋಶಗಳಲ್ಲಿ ಎಳೆಗಳು ಮತ್ತೆ ಸಡಿಲಗೊಳ್ಳುವಾಗ ಹಿಂದಿನ ರೂಪಗಳನ್ನೇ ಹಿಮ್ಮುಖವಾಗಿ ದಾಟುತ್ತವೆ ಎಂಬುದನ್ನೂ ಗಮನಿಸಿದರು. ಹುರಿಗೊಂಡದ್ದು ಮತ್ತೆ ಬಿಚ್ಚಿಕೊಳ್ಳುತ್ತದೆ. ಎಳೆ ಯಾವುದೂ ಕರಗುವುದಿಲ್ಲ, ಯಾವುದೂ ಹೊಸದಾಗಿ ಮೂಡುವುದಿಲ್ಲ.

1880ರ ಆಸುಪಾಸಿನಲ್ಲಿ ಅವರು ಇನ್ನೂ ಸೂಕ್ಷ್ಮವಾದುದೊಂದನ್ನು ಕಂಡರು. ಹುರಿಗೊಂಡ ಪ್ರತಿ ಎಳೆಯೂ ಉದ್ದಕ್ಕೆ ಸೀಳಿಕೊಂಡು ಜೋಡಿಯಾಗಿತ್ತು. ಅಡ್ಡಡ್ಡ ತುಂಡಾಗಿದ್ದರೆ ಒಂದು ಮಗಳಿಗೆ ತಲೆ, ಇನ್ನೊಂದಕ್ಕೆ ಬಾಲ ಸಿಗುತ್ತಿತ್ತು. ಉದ್ದಕ್ಕೆ ಸೀಳಿದ್ದರಿಂದ ಎರಡಕ್ಕೂ ಇಡೀ ಎಳೆ ದಕ್ಕುತ್ತದೆ. 1882ರಲ್ಲಿ ಅವರು ತಮ್ಮ ಕೆಲಸವನ್ನೆಲ್ಲ ಒಂದು ದೊಡ್ಡ ಗ್ರಂಥವಾಗಿ ಹೊರತಂದರು. ಎಳೆ ಎಂಬ ಅರ್ಥದ ಗ್ರೀಕ್ ಪದದಿಂದ ಈ ವಿಭಜನೆಗೆ ಮೈಟಾಸಿಸ್ ಎಂಬ ಹೆಸರು ಕೊಟ್ಟರು. ಕೋಶದಿಂದ ಕೋಶ ಎಂಬ ಸೂತ್ರದ ಪಕ್ಕದಲ್ಲಿ ಕೇಂದ್ರದಿಂದ ಕೇಂದ್ರ ಎಂಬ ಇನ್ನೊಂದು ಸೂತ್ರ ನಿಂತಿತು.

ಒಂದು ಕಡೆ ಅವರೂ ಎಡವಿದರು. ಉಂಡೆಯಂಥ ಹಂತದಲ್ಲಿ ಇರುವುದು ಒಂದೇ ಒಂದು ಉದ್ದನೆಯ ಎಳೆ, ಅದು ಆಮೇಲೆ ತುಂಡುಗಳಾಗುತ್ತದೆ ಎಂದು ಅವರು ಭಾವಿಸಿದ್ದರು. ಸಿಕ್ಕಾದ ನೂಲನ್ನು ನೋಡಿದವರಿಗೆ ಅದು ಒಂದೇ ಎಳೆಯೋ ಹತ್ತೋ ಎಂದು ಹೇಳುವುದು ಕಷ್ಟವೇ. 1885ರಲ್ಲಿ ಕಾರ್ಲ್ ರಾಬ್ಲ್ ಪ್ರತಿಯೊಂದು ಎಳೆಯೂ ಮೊದಲಿನಿಂದಲೂ ಬೇರೆಯೇ, ಕೋಶ ಸುಮ್ಮನಿರುವಾಗಲೂ ಅದು ತನ್ನ ಜಾಗ ಹಿಡಿದು ಕೂತಿರುತ್ತದೆ ಎಂದು ವಾದಿಸಿದರು. ಥಿಯೊಡೋರ್ ಬೊವೇರಿ ಅದಕ್ಕೆ ಗಟ್ಟಿ ಆಧಾರ ಒದಗಿಸುತ್ತ ಹೋದರು. 1888ರಲ್ಲಿ ವಿಲ್ಹೆಲ್ಮ್ ವಾಲ್ಡೆಯರ್ ಈ ಎಳೆಗಳಿಗೆ ಕ್ರೋಮೋಸೋಮ್ ಎಂದು ಹೆಸರಿಟ್ಟರು. ಅದರ ನೇರ ಅರ್ಥ ಬಣ್ಣದ ಕಾಯ. ಕನ್ನಡಕ್ಕೆ ತಂದವರು ವರ್ಣಕಾಯ ಎನ್ನದೆ ವರ್ಣತಂತು ಎಂದರು. ವಾಲ್ಡೆಯರ್ ಅವರ ಬಣ್ಣದ ಜೊತೆಗೆ ಫ್ಲೆಮ್ಮಿಂಗ್ ಅವರ ಎಳೆಯನ್ನೂ ಹೊಸೆದ ಪದವದು. ಮೂಲಕ್ಕಿಂತ ಅನುವಾದವೇ ಪ್ರೊಫೇಸಿಗೆ ಹತ್ತಿರ.

ನೊಗಕ್ಕೆ ಹೂಡಿದ ಜೋಡಿ

ಎಳೆಗಳ ಲೆಕ್ಕ ಶುರುವಾದೊಡನೆ ಹೊಸ ತೊಡಕು ಬಂತು. 1883ರಲ್ಲಿ ಬೆಲ್ಜಿಯಂನ ಎಡ್ವರ್ಡ್ ವಾನ್ ಬೆನೆಡೆನ್ ಕುದುರೆಯ ಕರುಳಿನಲ್ಲಿರುವ ದುಂಡುಹುಳುವಿನ ಮೊಟ್ಟೆಗಳನ್ನು ನೋಡುತ್ತಿದ್ದರು. ಆ ಹುಳುವಿನ ಕೋಶದಲ್ಲಿ ಬರೀ ನಾಲ್ಕು ವರ್ಣತಂತು; ಎಣಿಸಲು ತೀರ ಸಲೀಸು. ಅಂಡಾಣುವಿನಿಂದ ಎರಡು, ವೀರ್ಯಾಣುವಿನಿಂದ ಎರಡು ಬಂದು ನಾಲ್ಕಾಗುವುದನ್ನು ಅವರು ಕಂಡರು. ಹಾಗಾದರೆ ನಾಲ್ಕಿದ್ದದ್ದು ಎರಡಾದದ್ದು ಎಲ್ಲಿ? ಆಗದಿದ್ದರೆ ಪ್ರತಿ ತಲೆಮಾರಿಗೂ ಎಳೆಗಳು ಇಮ್ಮಡಿಯಾಗುತ್ತ ಹೋಗಬೇಕಿತ್ತು. ಕಣ್ಣಿನ ತೊಂದರೆಯಿಂದ ಸೂಕ್ಷ್ಮದರ್ಶಕ ಬಿಡಬೇಕಾಗಿ ಬಂದಿದ್ದ ಆಗಸ್ಟ್ ವೈಸ್‌ಮನ್ 1887ರಲ್ಲಿ ಬರೀ ತರ್ಕದಿಂದ ಉತ್ತರ ಹೇಳಿದರು: ಲಿಂಗಾಣುಗಳು ಆಗುವಾಗ ಎಳೆಗಳನ್ನು ಅರ್ಧಕ್ಕಿಳಿಸುವ ಬೇರೊಂದು ವಿಭಜನೆ ಇರಲೇಬೇಕು. ಇದಕ್ಕೆ ಮಿಯಾಸಿಸ್ ಎಂಬ ಹೆಸರು ಫಾರ್ಮರ್ ಮತ್ತು ಮೂರ್ ಎಂಬ ಇಬ್ಬರಿಂದ ಬಂದದ್ದು 1905ರಲ್ಲಿ. ಕಡಿಮೆಯಾಗುವುದು ಎಂದು ಅದರರ್ಥ.

ಕಡಿಮೆಯಾಗುವ ಬಗೆಯನ್ನು ಹುಡುಕುತ್ತ ಹೋದವರು ಬಂದು ನಿಂತದ್ದು ಮತ್ತೆ ಪ್ರೊಫೇಸಿನ ಬಾಗಿಲಿಗೆ. ಈ ಪ್ರೊಫೇಸ್ ಮಾತ್ರ ಮೈಟಾಸಿಸ್‌ನದರಂತೆ ಅವಸರದ್ದಲ್ಲ. ಮನುಷ್ಯನ ಸಾಮಾನ್ಯ ಕೋಶ ಇಡೀ ಮೈಟಾಸಿಸನ್ನು ಸುಮಾರು ಒಂದು ಗಂಟೆಯಲ್ಲಿ ಮುಗಿಸುತ್ತದೆ. ಗಂಡಸಿನಲ್ಲಿ ವೀರ್ಯಾಣುವಾಗಲಿರುವ ಕೋಶ ಮಿಯಾಸಿಸ್ ಮುಗಿಸಲು ಮೂರು ವಾರಕ್ಕೂ ಹೆಚ್ಚು ತೆಗೆದುಕೊಳ್ಳುತ್ತದೆ, ಅದರಲ್ಲಿ ಬಹುಪಾಲು ಮೊದಲ ಪ್ರೊಫೇಸಿನದೇ. ಅಷ್ಟು ದಿನ ಅಲ್ಲಿ ಏನು ನಡೆಯುತ್ತದೆ ಎಂಬುದೇ ಮುಂದಿನ ಮೂವತ್ತು ವರ್ಷಗಳ ಜಗಳವಾಯಿತು.

1900ರಲ್ಲಿ ಬೆಲ್ಜಿಯಂನವರೇ ಆದ ಹಾನ್ಸ್ ಫಾನ್ ವಿನಿವಾರ್ಟರ್ ಮೊಲದ ಮರಿಗಳ ಅಂಡಾಶಯದಲ್ಲಿ ಈ ಹಂತಗಳನ್ನು ಸಾಲಾಗಿ ಜೋಡಿಸಿ ಹೆಸರಿಟ್ಟರು. ಎಳೆಗಳು ತೆಳ್ಳಗಿರುವಾಗ ಲೆಪ್ಟೋಟೀನ್, ಎರಡೆರಡು ಕೂಡಿ ದಪ್ಪವಾದಾಗ ಪ್ಯಾಕಿಟೀನ್, ಮತ್ತೆ ಬಿಟ್ಟುಕೊಂಡು ಜೋಡಿಯಾಗಿ ಕಾಣುವಾಗ ಡಿಪ್ಲೋಟೀನ್. ಕೂಡುವ ಹಂತಕ್ಕೆ ಇಂದು ಬಳಕೆಯಲ್ಲಿರುವ ಹೆಸರು ಝೈಗೋಟೀನ್. ಝೈಗೋ ಎಂದರೆ ಗ್ರೀಕಿನಲ್ಲಿ ನೊಗ. ತಾಯಿಯಿಂದ ಬಂದ ಎಳೆಯೂ ತಂದೆಯಿಂದ ಬಂದ ಅಂಥದೇ ಎಳೆಯೂ ಒಂದೇ ನೊಗಕ್ಕೆ ಹೂಡಿದ ಎತ್ತುಗಳಂತೆ ಪಕ್ಕಪಕ್ಕ ಬಂದು ನಿಲ್ಲುತ್ತವೆ. ಎಷ್ಟೋ ವರ್ಷಗಳಿಂದ ಮರೆತುಹೋಗಿದ್ದ ಮೆಂಡಲ್ ಅವರ ಬಟಾಣಿ ನಿಯಮಗಳು ಮತ್ತೆ ಬೆಳಕಿಗೆ ಬಂದದ್ದೂ ಅದೇ 1900ರಲ್ಲಿ. ಎರಡನ್ನೂ ಕೂಡಿಸಿ ಓದಿದವರಲ್ಲಿ ಮುಖ್ಯರು ಅಮೆರಿಕದ ವಿದ್ಯಾರ್ಥಿ ವಾಲ್ಟರ್ ಸಟನ್. ಮಿಡತೆಯ ವೃಷಣದಲ್ಲಿ ವರ್ಣತಂತುಗಳ ಗಾತ್ರ ನೋಡಿ ಜೋಡಿ ಗುರುತಿಸಿದ ಅವರು 1902-03ರಲ್ಲಿ ಹೇಳಿದ್ದು ಇದು: ಜೋಡಿಯಾಗಿ ಕೂಡಿ ಆಮೇಲೆ ಅಗಲುವ ಈ ಎಳೆಗಳ ನಡತೆಯೇ ಮೆಂಡಲ್ ನಿಯಮದ ಬುಡ. ಬೊವೇರಿ ಬೇರೆ ದಾರಿಯಿಂದ ಅಲ್ಲಿಗೇ ಬಂದಿದ್ದರು.

ಆದರೂ ಕೆಲವರು ಎಳೆಗಳು ಪಕ್ಕಪಕ್ಕ ಕೂಡುವುದಿಲ್ಲ, ಬಾಲಕ್ಕೆ ತಲೆ ಸೇರಿದಂತೆ ತುದಿತುದಿ ಕೂಡುತ್ತವೆ ಎಂದು ಪಟ್ಟು ಹಿಡಿದರು. ಉಂಡೆಯೆಂದರೆ ಒಂದೇ ಉದ್ದ ಎಳೆ ಎಂಬ ಫ್ಲೆಮ್ಮಿಂಗ್ ಕಾಲದ ಕಲ್ಪನೆ ಆ ವಾದದ ಬೆನ್ನಿಗಿತ್ತು. ದೊಡ್ಡವರ ತಪ್ಪು ಸಣ್ಣದಾದರೂ ಬಹುಕಾಲ ಬಾಳುತ್ತದೆ.

ಪಾದ್ರಿ ಕಂಡ ಕತ್ತರಿಗುರುತು

ಜೋಡಿ ಎಳೆಗಳು ಬಿಟ್ಟುಕೊಳ್ಳುವ ಡಿಪ್ಲೋಟೀನ್ ಹಂತದಲ್ಲಿ ಅವು ಪೂರ್ತಿ ಬಿಡುವುದಿಲ್ಲ. ಅಲ್ಲಲ್ಲಿ ಕತ್ತರಿಯ ಆಕಾರದಲ್ಲಿ ಒಂದರ ಮೇಲೊಂದು ಹಾಯ್ದು ಸಿಕ್ಕಿಕೊಂಡಿರುತ್ತವೆ. ಬೆಲ್ಜಿಯಂನ ಲುವೆನ್ ವಿಶ್ವವಿದ್ಯಾಲಯದ ಪಾದ್ರಿ ಫ್ರಾನ್ಸ್ ಆಲ್ಫೊನ್ಸ್ ಯಾನ್ಸೆನ್ಸ್ ಸಲಮಾಂಡರ್ ಜಾತಿಯ ಪ್ರಾಣಿಗಳಲ್ಲಿ ಇದನ್ನು ನೋಡುತ್ತ ಒಂದು ದಿಟ್ಟ ಊಹೆ ಮಾಡಿದರು. ಹಾಯ್ದ ಜಾಗದಲ್ಲಿ ತಾಯಿಯ ಎಳೆಯೊಂದೂ ತಂದೆಯ ಎಳೆಯೊಂದೂ ತುಂಡಾಗಿ, ಅದರ ತುದಿ ಇದಕ್ಕೆ, ಇದರ ತುದಿ ಅದಕ್ಕೆ ಬೆಸೆದುಕೊಂಡಿರಬೇಕು. ಅಂದರೆ ಮಗುವಿಗೆ ಹೋಗುವ ಎಳೆ ಅಜ್ಜನದೂ ಅಲ್ಲ, ಅಜ್ಜಿಯದೂ ಅಲ್ಲ. ಇಬ್ಬರದನ್ನೂ ಹೊಸೆದ ಹೊಸ ಎಳೆ. 1909ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ಬಹಳ ಮಂದಿ ನಂಬಲಿಲ್ಲ. ಎಳೆ ಮುರಿದದ್ದನ್ನಾಗಲಿ ಕೂಡಿದ್ದನ್ನಾಗಲಿ ಯಾರೂ ಕಣ್ಣಾರೆ ಕಂಡಿರಲಿಲ್ಲ.

ಆ ಊಹೆಯನ್ನು ಎತ್ತಿಕೊಂಡವರು ನ್ಯೂಯಾರ್ಕಿನ ಥಾಮಸ್ ಹಂಟ್ ಮಾರ್ಗನ್. 1910ರಲ್ಲಿ ಅವರ ಹಣ್ಣುನೊಣಗಳ ಸೀಸೆಯಲ್ಲಿ ಬಿಳಿಗಣ್ಣಿನ ಗಂಡೊಂದು ಸಿಕ್ಕಿತ್ತು. ಒಂದೇ ವರ್ಣತಂತುವಿನಲ್ಲಿರುವ ಗುಣಗಳು ಸಾಮಾನ್ಯವಾಗಿ ಒಟ್ಟಿಗೇ ಹೋಗಬೇಕು, ಆದರೆ ಈ ನೊಣಗಳ ಪೀಳಿಗೆಗಳಲ್ಲಿ ಅವು ಕೆಲವೊಮ್ಮೆ ಬೇರೆಯಾಗುತ್ತಿದ್ದವು. ಯಾನ್ಸೆನ್ಸ್ ಹೇಳಿದ ಅದಲುಬದಲು ಇದಕ್ಕೆ ಸರಿಯಾಗಿ ಹೊಂದಿತು. ಮಾರ್ಗನ್ ಬಳಿ ಇನ್ನೂ ಪದವಿ ಓದುತ್ತಿದ್ದ ಆಲ್ಫ್ರೆಡ್ ಸ್ಟರ್ಟೆವಂಟ್ ಒಂದು ಹೆಜ್ಜೆ ಮುಂದೆ ಹೋದ. ಎರಡು ವಂಶವಾಹಿಗಳು ದೂರವಿದ್ದಷ್ಟೂ ನಡುವೆ ಎಳೆ ಮುರಿಯುವ ಸಂಭವ ಹೆಚ್ಚು. ಹಾಗಾದರೆ ಬೇರೆಯಾದ ನೊಣಗಳನ್ನು ಎಣಿಸಿ ದೂರ ಅಳೆಯಬಹುದಲ್ಲ! 1913ರಲ್ಲಿ ಅವನು ಪ್ರಕಟಿಸಿದ ಆರು ವಂಶವಾಹಿಗಳ ನಕ್ಷೆಯೇ ಜಗತ್ತಿನ ಮೊದಲ ವಂಶವಾಹಿ ನಕ್ಷೆ. ಪ್ರೊಫೇಸಿನಲ್ಲಿ ನಡೆಯುವ ಕೊಡುಕೊಳ್ಳುವಿಕೆ ಇಲ್ಲದಿದ್ದರೆ ಆ ನಕ್ಷೆಗೆ ಅಳತೆಗೋಲೇ ಇರುತ್ತಿರಲಿಲ್ಲ.

ಕಣ್ಣಿಗೆ ಕಾಣುವ ಸಾಕ್ಷ್ಯ ಬಂದದ್ದು 1931ರಲ್ಲಿ, ಮುಸುಕಿನ ಜೋಳದ ಹೊಲದಿಂದ. ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಬರಾ ಮೆಕ್ಲಿಂಟಾಕ್ ಪ್ಯಾಕಿಟೀನ್ ಹಂತದ ಎಳೆಗಳ ಗುಬುಟು, ಗಂಟುಗಳನ್ನು ನೋಡಿಯೇ ಜೋಳದ ಹತ್ತು ವರ್ಣತಂತುಗಳನ್ನು ಬೇರೆ ಬೇರೆ ಗುರುತಿಸಬಲ್ಲವರಾಗಿದ್ದರು. ಹ್ಯಾರಿಯೆಟ್ ಕ್ರೈಟನ್ ಜೊತೆ ಅವರು ಒಂಬತ್ತನೆಯ ವರ್ಣತಂತುವನ್ನು ಆರಿಸಿಕೊಂಡರು. ಅದರ ಒಂದು ತಳಿಯಲ್ಲಿ ಒಂದು ತುದಿಗೆ ಗಂಟು, ಇನ್ನೊಂದು ತುದಿಗೆ ಬೇರೆ ವರ್ಣತಂತುವಿನ ತುಂಡು ಅಂಟಿಕೊಂಡಿತ್ತು. ಕಾಳಿನ ಗುಣಗಳು ಅದಲುಬದಲಾದ ಗಿಡಗಳಲ್ಲಿ ಈ ಗುರುತುಗಳೂ ಅದಲುಬದಲಾಗಿದ್ದವು. ಪಾದ್ರಿಯ ಊಹೆ ಇಪ್ಪತ್ತೆರಡು ವರ್ಷಗಳ ಮೇಲೆ ರುಜುವಾತಾಯಿತು.

ಅದೇ ದಶಕದಲ್ಲಿ ಈ ಎಳೆಯ ಒಂದು ತುದಿ ಬೆಂಗಳೂರಿಗೂ ಬಂತು. ಆಗಿನ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರಜ್ಞ ಬಿ. ಆರ್. ಶೇಷಾಚಾರ್ ಅವರು ಇಕ್ತಿಯೋಫಿಸ್ ಎಂಬ ಪ್ರಾಣಿಯ ವೀರ್ಯಾಣುಗಳು ರೂಪುಗೊಳ್ಳುವ ಬಗೆಯನ್ನೂ ಅದರ ವರ್ಣತಂತುಗಳನ್ನೂ ಅಧ್ಯಯನ ಮಾಡಿದರು. ಮಳೆಕಾಡಿನ ಒದ್ದೆ ಮಣ್ಣಿನಲ್ಲಿ ಎರೆಹುಳುವಿನಂತೆ ಹರಿದಾಡುವ ಈ ಕಾಲಿಲ್ಲದ ಪ್ರಾಣಿ ಕೂಡ ಕಪ್ಪೆ, ಸಲಮಾಂಡರ್‌ಗಳ ಬಳಗದ್ದೇ.

ಅರ್ಧ ಆಯುಷ್ಯದ ಕಾಯುವಿಕೆ

ಹುರಿಗೊಳ್ಳುವುದು ಏಕೆ ಬೇಕು ಎಂಬುದಕ್ಕೆ ಇಂದು ಸರಳ ಉತ್ತರವಿದೆ. ಮನುಷ್ಯನ ಒಂದು ಕೋಶಕೇಂದ್ರದೊಳಗಿನ ಡಿಎನ್‌ಎಯನ್ನು ಬಿಡಿಸಿ ಎಳೆದರೆ ಸುಮಾರು ಎರಡು ಮೀಟರ್ ಉದ್ದ. ವಿಭಜನೆಗೆ ಮುಂಚೆ ಅದು ನಕಲಾಗಿ ನಾಲ್ಕು ಮೀಟರ್ ಆಗಿರುತ್ತದೆ. ಅಷ್ಟನ್ನೂ ಸಿಕ್ಕಾಗದಂತೆ, ಒಂದು ಕಡೆಯೂ ಹರಿಯದಂತೆ ಎರಡು ಪಾಲು ಮಾಡಬೇಕು. ಕಂಡೆನ್ಸಿನ್ ಎಂಬ ಪ್ರೋಟೀನುಗಳು ಡಿಎನ್‌ಎಯನ್ನು ಕುಣಿಕೆ ಕುಣಿಕೆಯಾಗಿ ಎಳೆದು ಮಡಿಸುವುದೇ ಫ್ಲೆಮ್ಮಿಂಗ್ ಕಂಡ ಹುರಿ. ಅತ್ತ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯಲಿರುವ ಕದಿರಿನ ಎಳೆಗಳು ಸಜ್ಜಾಗುತ್ತವೆ, ಇತ್ತ ಕೇಂದ್ರದ ಪೊರೆ ಬಿಚ್ಚಿಕೊಳ್ಳುತ್ತದೆ. ಆಮೇಲಿನ ಹಂತಗಳು ಹಂಚಿಕೆಯವು. ಹಂಚಬೇಕಾದ್ದನ್ನು ಹಂಚಲು ಬರುವಂತೆ ಮಾಡುವುದು ಪ್ರೊಫೇಸ್.

ಮಿಯಾಸಿಸ್‌ನ ಪ್ರೊಫೇಸ್ ಹೆಣ್ಣಿನಲ್ಲಿ ಇನ್ನೂ ವಿಚಿತ್ರ. ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿರುವಾಗಲೇ ಅದರ ಅಂಡಾಣುಗಳು ಮಿಯಾಸಿಸ್ ಶುರುಮಾಡುತ್ತವೆ. ಎಳೆಗಳು ಜೋಡಿಯಾಗುತ್ತವೆ, ತುಂಡು ಬದಲಾಯಿಸಿಕೊಳ್ಳುತ್ತವೆ, ಡಿಪ್ಲೋಟೀನಿಗೆ ಬಂದು ನಿಂತುಬಿಡುತ್ತವೆ. ಆ ನಿಲುಗಡೆ ಹನ್ನೆರಡು ಹದಿಮೂರು ವರ್ಷ ಇರಬಹುದು, ನಲವತ್ತೈದು ವರ್ಷವೂ ಇರಬಹುದು. ಆ ಅಂಡಾಣು ಬಿಡುಗಡೆಯಾಗುವ ತಿಂಗಳಲ್ಲಿ ಮಾತ್ರ ಕೆಲಸ ಮುಂದುವರಿಯುತ್ತದೆ. ನಿಮ್ಮನ್ನು ಹುಟ್ಟಿಸಿದ ಅಂಡಾಣುವಿನಲ್ಲಿ ಈ ಜೋಡಣೆ ನಡೆದದ್ದು ನಿಮ್ಮ ತಾಯಿ ನಿಮ್ಮ ಅಜ್ಜಿಯ ಬಸಿರಿನಲ್ಲಿದ್ದ ದಿನಗಳಲ್ಲಿ. ಇಷ್ಟು ದೀರ್ಘಕಾಲ ಎಳೆಗಳನ್ನು ಹಿಡಿದಿಟ್ಟ ಬಂಧ ವಯಸ್ಸಾದಂತೆ ಸಡಿಲವಾಗುತ್ತದೆ. ಒಮ್ಮೊಮ್ಮೆ ಜೋಡಿ ಅಗಲದೆ ಎರಡೂ ಒಂದೇ ಕಡೆಗೆ ಹೋಗುತ್ತವೆ. 1959ರಲ್ಲಿ ಪ್ಯಾರಿಸ್ಸಿನ ವೈದ್ಯರು ಡೌನ್ ಸಿಂಡ್ರೋಮ್ ಇರುವ ಮಕ್ಕಳ ಕೋಶಗಳಲ್ಲಿ ಒಂದು ವರ್ಣತಂತು ಹೆಚ್ಚಿಗೆ ಇರುವುದನ್ನು ತೋರಿಸಿದರು. ತಾಯಿಯ ವಯಸ್ಸು ಏರಿದಂತೆ ಆ ಸಂಭವ ಏರುವುದಕ್ಕೆ ಒಂದು ದೊಡ್ಡ ಕಾರಣ ಈ ನಿಲುಗಡೆಯೇ.

ಫ್ಲೆಮ್ಮಿಂಗ್ 1905ರಲ್ಲಿ ತೀರಿಕೊಂಡರು. ಅವರು ಕಂಡ ಎಳೆಗಳಿಗೂ ವಂಶಗುಣಗಳಿಗೂ ಇರುವ ನಂಟನ್ನು ಬೆಸೆದದ್ದು ಬೇರೆಯವರು. ಇಂದು ನಮ್ಮ ಪಿಯು ಕಾಲೇಜಿನ ಹುಡುಗರು ನೀರಿನ ಸೀಸೆಯ ಬಾಯಿಗೆ ಈರುಳ್ಳಿ ಇಟ್ಟು ಬೇರು ಬರಿಸಿ, ತುದಿ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ವಿಭಜನೆಯಲ್ಲಿ ತೊಡಗಿದ ಕೋಶಗಳಲ್ಲಿ ಅವರ ಕಣ್ಣಿಗೆ ಹೆಚ್ಚು ಬೀಳುವುದು ಪ್ರೊಫೇಸಿನವೇ, ಏಕೆಂದರೆ ನಾಲ್ಕು ಹಂತಗಳಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಅದೇ. ಆದರೂ ಹುಡುಗರು ಅವನ್ನು ದಾಟಿ, ಎಳೆಗಳು ಸಾಲಾಗಿ ನಿಂತ ಅಂದದ ಕೋಶಕ್ಕಾಗಿ ಹುಡುಕುತ್ತಾರೆ. ಇವತ್ತು ಹುಟ್ಟಿದ ಹೆಣ್ಣುಕೂಸಿನ ಮೈಯೊಳಗೆ ಹತ್ತು ಲಕ್ಷಕ್ಕೂ ಮಿಕ್ಕಿ ಅಂಡಾಣುಗಳಿರುತ್ತವೆ. ಅವೆಲ್ಲವೂ ಈ ಹೊತ್ತಿಗೆ ಪ್ರೊಫೇಸಿನಲ್ಲೇ ನಿಂತಿವೆ.